ಕೊಸಾನಾಳ ಬಿಳಿ ದನಗಳು

ಆ ಬೇಸಿಗೆಯಲ್ಲಿ ವಿತೋಮಿರನ ಜೀವ ಎರಡು ಹಣ್ಣುಗಳ ಹೆಸರಿನ ನಡುವೆ ಸಿಕ್ಕಿಕೊಂಡಿತ್ತು. ಗ್ರಾಬೊವಿಕ್ ಊರಿನ ನೆತ್ತಿಯ ಮೇಲೆ ಒಂದು ಗುಡ್ಡ, ಗುಡ್ಡದ ಮೇಲೆ ಒಂದು ಹಲಗೆಮನೆ, ಅದರ ಪಕ್ಕಕ್ಕೆ ಆಕಾಶದತ್ತ ಮೂತಿ ಎತ್ತಿ ನಿಂತ ರಾಕೆಟ್ಟುಗಳ ಕಬ್ಬಿಣದ ಚೌಕಟ್ಟು, ಒಳಗೆ ಒಂದು ರೇಡಿಯೋ. ಆಲಿಕಲ್ಲಿನ ಮೋಡ ಬೆಟ್ಟ ಹತ್ತಿ ಬಂದಾಗ ರೇಡಾರ್ ಕೇಂದ್ರದಿಂದ ಅವನ ಕಿವಿಗೆ ಒಂದೇ ಮಾತು ಬರುತ್ತಿತ್ತು. ‘ಪ್ಲಮ್’ ಎಂದರೆ ಹೊಡಿ. ‘ಮರಸೇಬು’ ಎಂದರೆ ಕೈಕಟ್ಟಿ ಕೂರು.

ಹಿಂದೆ ಹೀಗಿರಲಿಲ್ಲ. ಕೇಂದ್ರದವರು ಮೋಡವಿರುವ ದಿಕ್ಕು ಹೇಳುತ್ತಿದ್ದರು, ಅವನು ಹೊಡೆಯುತ್ತಿದ್ದ, ಅಷ್ಟೇ. ಬೆಳ್ಳಿಯ ಉಪ್ಪು ತುಂಬಿದ ರಾಕೆಟ್ಟು ಮೋಡದ ಹೊಟ್ಟೆಯೊಳಗೆ ಒಡೆದರೆ ಕಲ್ಲು ಬೆಳೆಯುವುದಿಲ್ಲವೆಂದು ಊರೆಲ್ಲ ನಂಬಿತ್ತು. ಈ ವರ್ಷ ಮೂರು ದೇಶದ ಪಂಡಿತರು ಸೇರಿ ಆ ನಂಬಿಕೆಯನ್ನೇ ಪರೀಕ್ಷೆಗೆ ಇಟ್ಟಿದ್ದರು. ಅರ್ಧ ಮೋಡಗಳಿಗೆ ಹೊಡೆಯುವುದು, ಅರ್ಧ ಮೋಡಗಳನ್ನು ಹಾಗೇ ಬಿಡುವುದು, ಬಿದ್ದ ಕಲ್ಲನ್ನು ಅಳೆದು ಹೋಲಿಸಿ ನೋಡುವುದು. ಯಾವ ಮೋಡಕ್ಕೆ ಯಾವುದು ಎಂದು ಮನುಷ್ಯರು ಆರಿಸಬಾರದು. ಆರಿಸಿದರೆ ಮನಸ್ಸು ಮೋಸ ಮಾಡುತ್ತದೆ. ಹಾಗಾಗಿ ಕೇಂದ್ರದಲ್ಲಿ ಚೀಲಕ್ಕೆ ಕೈಹಾಕಿ ಮಣಿ ತೆಗೆಯುತ್ತಿದ್ದರು. ಕಪ್ಪು ಮಣಿ ಬಂದರೆ ಪ್ಲಮ್, ಬಿಳಿ ಬಂದರೆ ಮರಸೇಬು. ಒಪ್ಪದಿದ್ದರೆ ಈ ಕಣಿವೆಗೆ ರಾಕೆಟ್ಟೇ ಬರುವುದಿಲ್ಲವೆಂದು ಚಳಿಗಾಲದ ಸಭೆಯಲ್ಲಿ ಹೇಳಿದ್ದರು. ಊರವರು ಗೊಣಗುತ್ತಲೇ ಕೈ ಎತ್ತಿದ್ದರು.

ಕಲ್ಲು ಅಳೆಯುವ ಕೆಲಸ ಬೆಲ್‌ಗ್ರೇಡಿನಿಂದ ಬಂದ ಸ್ಮಿಲ್ಯಾಳದು. ಸಪೂರ ದೇಹ, ಗಟ್ಟಿ ದನಿ, ಮೂವತ್ತು ದಾಟಿದ ಹೆಂಗಸು. ಪ್ರತಿ ಅಂಗಳದಲ್ಲೂ ಬೆಳ್ಳಿಕಾಗದ ಸುತ್ತಿದ ಮೆತ್ತನೆಯ ಹಲಗೆಯೊಂದನ್ನು ಕಂಬದ ಮೇಲೆ ಇಟ್ಟಿದ್ದಳು. ಕಲ್ಲು ಬಿದ್ದರೆ ಅದರ ಮೇಲೆ ಕುಳಿ ಬೀಳುತ್ತದೆ. ಕುಳಿ ಅಳೆದರೆ ಕಲ್ಲಿನ ಗಾತ್ರ ತಿಳಿಯುತ್ತದೆ. ಮೊದಲ ಸಲ ಕಲ್ಲುಮಳೆ ಬಂದಾಗ ಕೆಳಕೇರಿಯ ಹೆಂಗಸರೆಲ್ಲ ಓಡಿಹೋಗಿ ಹಲಗೆಗಳನ್ನು ಒಳಗೆ ತಂದಿಟ್ಟು, ಒರೆಸಿ, ಮೇಲೊಂದು ಕಂಬಳಿ ಹೊದಿಸಿದ್ದರು.

“ಸರ್ಕಾರದ ವಸ್ತು ತಾಯಿ, ಒಂದು ಗೀರೂ ಬಿದ್ದಿಲ್ಲ ನೋಡು,” ಎಂದು ಹೆಮ್ಮೆಯಿಂದ ತೋರಿಸಿದ್ದರು. ಸ್ಮಿಲ್ಯಾ ನಗಲೂ ಆಗದೆ ಅಳಲೂ ಆಗದೆ ಅವರು ಕೊಟ್ಟ ರಾಕಿಯಾ, ಹಣ್ಣಿನ ಸಾರಾಯಿ, ಕುಡಿದು ಎದ್ದುಬಂದಿದ್ದಳು.

ಆ ತಮಾಷೆ ಬಹಳ ದಿನ ಉಳಿಯಲಿಲ್ಲ. ಊರಿನ ಬೆಳೆ ರಾಸ್‌ಬೆರಿ ಕೆಂಪಾಗತೊಡಗಿದ ವಾರ ಮರಸೇಬು ಬಂತು. ವಿತೋಮಿರ ಕೈಕಟ್ಟಿ ಕೂತ. ಮೇಲುಕೇರಿಯ ತೋಟಗಳ ಮೇಲೆ ಅಕ್ರೋಟದ ಗಾತ್ರದ ಕಲ್ಲು ಸುರಿದು ಬಳ್ಳಿಗಳಲ್ಲಿ ಎಲೆ ಎಂಬುದೇ ಉಳಿಯಲಿಲ್ಲ. ಒಂದು ಕುರಿಯ ತಲೆ ಒಡೆಯಿತು. ಮಾರನೆಯ ದಿನ ಗಂಡಸರು ಸಂಶೋಧಕರ ಜೀಪನ್ನು ಮಗುಚಿದರು, ಅಡ್ಡಬಂದ ನರೆಗಡ್ಡದ ಸ್ವಿಸ್ ಪಂಡಿತನ ಕೈ ಮುರಿದರು. ಅವನನ್ನು ಆಸ್ಪತ್ರೆಗೆ ಸಾಗಿಸಿ ಸ್ಮಿಲ್ಯಾ ಒಬ್ಬಳೇ ಹಿಂದಿರುಗಿದಳು.

ಕೆಳಕೇರಿಯ ತೋಟಗಳು ಮಾತ್ರ ಇನ್ನೂ ನಿಂತಿದ್ದವು. ಅದರಲ್ಲಿ ದೊಡ್ಡದು ಸ್ರೆತೆನನದು. ಸ್ರೆತೆನ್ ವಿತೋಮಿರನಿಗೆ ಕೂಮ, ಅವನ ಮಗಳಿಗೆ ಹೆಸರಿಟ್ಟವನು. ಆ ಸೀಮೆಯಲ್ಲಿ ಕೂಮನೆಂದರೆ ಒಡಹುಟ್ಟಿದವನಿಗಿಂತ ಹೆಚ್ಚು. ಅವನ ಮೇಲೆ ಕೈಯೆತ್ತಿದವನ ಮನೆಯ ದೀಪ ಆರಿಹೋಗುತ್ತದೆ ಎಂದು ಹೆದರುತ್ತಿದ್ದರು. ಅಂಥ ಸ್ರೆತೆನ್, ಒಂದು ಬೆಳಿಗ್ಗೆ ರಾಕಿಯಾ ಅಂಗಡಿಯ ಮುಂದೆ, ನಾಲ್ಕು ಜನರೆದುರಿಗೆ ವಿತೋಮಿರನ ಕಿವಿ ಹಿಡಿದ.

“ಕೂಮಾ, ಈ ಕಿವಿಗೆ ಏನೇನೋ ಕೇಳಿಸ್ತದಂತೆ.”

“ಬಿಡೋ.”

“ನಾಡಿದ್ದು ಕೊಯ್ಲಿಗೆ ಜನ ಬರ್ತಾರೆ. ಅಷ್ಟರೊಳಗೆ ಈ ಕಿವಿಗೆ ಮರಸೇಬು ಅಂತ ಏನಾದ್ರೂ ಕೇಳಿಸ್ತೋ, ಕಿವಿನೇ ಕುಯ್ದು ಹಲಗೆ ಮೇಲೆ ಇಡ್ತೀನಿ. ಆ ಬೆಲ್‌ಗ್ರೇಡಿನೋಳು ಬಂದು ಅಳತೆ ಹಾಕ್ಲಿ.”

ಎಲ್ಲರೂ ನಕ್ಕರು. ಅವರಲ್ಲಿ ತಾದಿಯಾ ಎಂಬ ಕೋಲುಮುಖದವನು ಕೇಳಿದ: “ಮಣಿ ಎತ್ತೋದು ಅವರು, ಇವನೇನು ಮಾಡ್ತಾನೆ ಸ್ರೆತೆನ್?”

“ರಾಕೆಟ್ಟಿನ ಕೀಲಿ ಇವನ ಕೈಲಿದೆ. ಮಣಿ ಎತ್ತೋ ಕೈ ಇಲ್ಲಿಗೆ ಎಟುಕಲ್ಲ. ಇವನ ಕೈ ಎಟುಕ್ತದೆ.”

ವಿತೋಮಿರ ಕಿವಿ ಬಿಡಿಸಿಕೊಂಡು ಗುಡ್ಡದ ದಾರಿ ಹಿಡಿದ. ಮರಸೇಬೇ ಬರಲಿ ಎಂದು ಅವನು ದಿನವೂ ಮನೆದೇವರ ಪಟದ ಮುಂದೆ ಮೂರು ಬೆರಳು ಕೂಡಿಸಿ ಶಿಲುಬೆಯ ಗುರುತು ಹಾಕಿ ಬೇಡಿಕೊಳ್ಳುತ್ತಿದ್ದಾನೆಂದು ಹೇಳಿದ್ದರೆ ಅವರು ಅಲ್ಲೇ ಕೊಂದುಹಾಕುತ್ತಿದ್ದರು.

ಕೊಸಾನಾ ಅವನ ಒಬ್ಬಳೇ ಮಗಳು. ಹಿಮ ಕರಗುವ ಕಾಲದಲ್ಲಿ ಮೊರಾವಿತ್ಸಾ ಹೊಳೆ ಉಕ್ಕಿ ಕಾಲುಸಂಕವನ್ನು ಕಿತ್ತೊಯ್ದಾಗ ಅವಳು ಅದರ ಮೇಲಿದ್ದಳು. ಹೆಣವನ್ನು ಸ್ರೆತೆನ್ನೇ ನೀರಿಗಿಳಿದು ಎಳೆದುತಂದ. ಮಣ್ಣು ಮಾಡಿದ್ದಾಯಿತು, ಬೇಯಿಸಿದ ಗೋಧಿ ಹಂಚಿದ್ದಾಯಿತು. ಆದರೆ ನೀರಲ್ಲಿ ಸತ್ತವರು ಮಣ್ಣಲ್ಲಿ ನಿಲ್ಲುವುದಿಲ್ಲವೆಂಬುದು ಗ್ರಾಬೊವಿಕ್‌ನಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುವ ಸಂಗತಿ. ಊರಲ್ಲಿ ಕಡೆಯದಾಗಿ ಮುಳುಗಿ ಸತ್ತವರು ಆಲಿಕಲ್ಲಿನ ಮೋಡಗಳನ್ನು ಬಿಳಿ ದನಗಳ ಹಾಗೆ ಮುಂದೆ ಬಿಟ್ಟುಕೊಂಡು ಮೇಯಿಸುತ್ತ ಬರುತ್ತಾರೆ. ಮೋಡ ಕವಿದರೆ ಹೆಂಗಸರು ಅಂಗಳದಲ್ಲಿ ಊಟದ ಮೇಜನ್ನು ಕಾಲು ಮೇಲಾಗಿ ಮಗುಚಿ, ಕೊಡಲಿಯ ಬಾಯನ್ನು ಆಕಾಶಕ್ಕೆ ತಿರುಗಿಸಿಟ್ಟು, ಸತ್ತವರ ಹೆಸರು ಹಿಡಿದು ಕೂಗಿ, ನಿನ್ನ ದನಗಳನ್ನು ಜನವಿಲ್ಲದ ಕಾಡಿಗೆ ಹೊಡೆದುಕೊಂಡು ಹೋಗು ಎನ್ನುತ್ತಾರೆ. ಬಹುಕಾಲ ಆ ಹೆಸರು ಯೆವ್ರೆಮ್ ಎಂಬ ಕುಡುಕ ಕುರುಬನದಾಗಿತ್ತು. ಈ ವಸಂತದಲ್ಲಿ ಯೆವ್ರೆಮನಿಗೆ ಬಿಡುಗಡೆಯಾಯಿತು.

ವಿತೋಮಿರ ರಾಕೆಟ್ಟಿನ ಮನುಷ್ಯ. ಇದನ್ನೆಲ್ಲ ಕೇಳಿ ನಗುತ್ತಿದ್ದವನು. ಮಗಳು ಸತ್ತ ಮೇಲೆ ಮೊದಲನೆಯ ಮೋಡಕ್ಕೆ ‘ಪ್ಲಮ್’ ಎಂದರು, ಅವನು ಹೊಡೆದ. ಮೇಲೆ ಮೋಡದ ಹೊಟ್ಟೆಯಲ್ಲಿ ರಾಕೆಟ್ಟು ಒಡೆದ ಸದ್ದಿಗೆ ಅವನು ಹೊರಗೆ ಓಡಿಬಂದು ಮೋಡವನ್ನೇ ನೋಡುತ್ತ ನಿಂತ. ಮನೆಗೆ ಬಂದರೆ ಹೆಂಡತಿ ಒಬ್ರೆನಿಯಾ ಹೊಸ್ತಿಲಲ್ಲಿ ನಿಂತಿದ್ದಳು.

“ತಗುಲ್ತಾ?” ಎಂದು ಕೇಳಿದಳು.

“ಏನು ತಗುಲೋದು?”

“ಅವಳಿಗೆ.”

ಅಂದಿನಿಂದ ಅವಳು ಅವನೊಂದಿಗೆ ಮಾತಾಡಿರಲಿಲ್ಲ. ಅಂದಿನಿಂದ ಅವನ ಕೈಯೂ ರಾಕೆಟ್ಟು ಹಾರಿಸುವ ಗುಂಡಿಯ ಮೇಲೆ ನಿಲ್ಲುತ್ತಿರಲಿಲ್ಲ. ಆಮೇಲೆ ಎರಡು ಮೋಡ ಬಂದವು, ಎರಡಕ್ಕೂ ಬಿಳಿ ಮಣಿಯೇ ಬಂತು. ದೇವರೇ ಚೀಲಕ್ಕೆ ಕೈಹಾಕಿದನೆಂದು ಅವನು ತಿಳಿದ. ಮೇಲುಕೇರಿ ಹಾಳಾದ ದಿನವೂ ಹಾಗೆಯೇ ತಿಳಿದ, ಆಮೇಲೆ ಆ ಒಡೆದ ಕುರಿಯ ತಲೆ ಕಂಡು ವಾಂತಿ ಮಾಡಿಕೊಂಡ.

ಸ್ರೆತೆನ್ ಕಿವಿ ಹಿಡಿದ ದಿನದ ಮಧ್ಯಾಹ್ನ ಗಾಳಿ ನಿಂತಿತು. ಜೇನುಹುಳುಗಳು ಗೂಡಿನ ಬಾಯಿಗೆ ಮುತ್ತಿಕೊಂಡವು. ಪಡುವಣ ಬೆಟ್ಟದ ಹಿಂದಿನಿಂದ ಮೊದಲು ಒಂದು ಬಿಳಿಯ ಹೆಗಲು ಎದ್ದಿತು, ಅದರ ಮೇಲೆ ಇನ್ನೊಂದು ಹೆಗಲು, ಅದರ ಮೇಲೆ ಕುತ್ತಿಗೆ. ನೋಡುನೋಡುತ್ತ ಅರ್ಧ ಆಕಾಶ ಎದ್ದು ನಿಂತು ಕೆಳಗಿನಿಂದ ಕಪ್ಪಾಗುತ್ತ, ಕಪ್ಪಿನೊಳಗೆ ಹಸಿರಾಗುತ್ತ, ಊರಿನ ಕಡೆಗೆ ತಲೆ ತಗ್ಗಿಸಿತು. ಹಸಿರು ಬಣ್ಣ ಎಂದರೆ ಒಳಗೆ ಕಲ್ಲು. ವಿತೋಮಿರ ರೇಡಿಯೋದ ಹೆಡ್‌ಫೋನನ್ನು ತಲೆಗೆ ಹಾಕಿಕೊಂಡ. ದಿಕ್ಕು ಹೇಳಿದರು, ಎತ್ತರ ಹೇಳಿದರು. ಅವನು ಚೌಕಟ್ಟನ್ನು ತಿರುಗಿಸಿ ಬಂದು ಕೂತ. ಕೇಂದ್ರದಲ್ಲಿ ಯಾರೋ ಚೀಲಕ್ಕೆ ಕೈಹಾಕುತ್ತಿರಬೇಕು. ಅವನು ಕಣ್ಣುಮುಚ್ಚಿದ.

“ಪ್ಲಮ್,” ಎಂದಿತು ರೇಡಿಯೋ. “ಗ್ರಾಬೊವಿಕ್, ಪ್ಲಮ್. ಕೇಳಿಸ್ತಾ?”

“ಕೇಳಿಸ್ತು,” ಎಂದ. ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ. ಕೀಲಿ ಎದೆಯ ಮೇಲೆ ದಾರದಲ್ಲಿ ತೂಗುತ್ತಿತ್ತು. ಅದನ್ನು ಅಂಗಿಯೊಳಕ್ಕೆ ಬಿಟ್ಟುಕೊಂಡು ಹೊರಗೆ ಬಂದ.

ಗುಡ್ಡದ ದಾರಿಯಲ್ಲಿ ಗಂಡಸರು ಏರಿಬರುತ್ತಿದ್ದರು. ಮುಂದೆ ಸ್ರೆತೆನ್, ಕೈಯಲ್ಲಿ ರಾಸ್‌ಬೆರಿ ಬಳ್ಳಿಗೆ ನೆಡುವ ಗೂಟ. ಹಿಂದೆ ತಾದಿಯಾ, ಅವನ ಹಿಂದೆ ಇನ್ನೂ ಕೆಲವರು.

“ಏನಂತೆ?” ಸ್ರೆತೆನ್ ಏದುಸಿರು ಬಿಡುತ್ತ ಕೇಳಿದ.

ವಿತೋಮಿರ ಅವನ ಮುಖ ನೋಡಲಾರದೆ ಮೋಡದ ಕಡೆ ನೋಡಿದ. “ಮರಸೇಬು.”

ಗೂಟ ಅವನ ಮೊಣಕಾಲಿಗೆ ಬಿತ್ತು. ಬಿದ್ದವನ ಬೆನ್ನಿಗೆ ಯಾರದೋ ಬೂಟುಗಾಲು ಬಿತ್ತು, ಪಕ್ಕೆಗೆ ಇನ್ನೊಬ್ಬನದು. “ಕೀಲಿ ಕೊಡೋ,” ಎಂದು ತಾದಿಯಾ ಕೂದಲು ಹಿಡಿದು ಎತ್ತಿದ. “ಕೊಡಲ್ಲ,” ಎಂದದ್ದಕ್ಕೆ ಮುಖವನ್ನು ಮೆಟ್ಟಿಲ ಕಲ್ಲಿಗೆ ಗುದ್ದಿದ. ವಿತೋಮಿರ ಕೀಲಿಯ ಮೇಲೆ ಕವುಚಿಕೊಂಡು, ಕಂಬಳಿಹುಳು ಸುರುಟಿಕೊಂಡ ಹಾಗೆ ಸುರುಟಿಕೊಂಡ. ಏಟು ಬೀಳುತ್ತಲೇ ಇದ್ದವು. ಬೀಳಲಿ, ಎಂದುಕೊಂಡ. ಮೋಡ ದಾಟಿಹೋಗುವ ತನಕ ಬೀಳಲಿ. ಅಷ್ಟು ಹೊತ್ತು ತಡೆದುಕೊಂಡರೆ ಸಾಕು.

ಆಗ ಸ್ಮಿಲ್ಯಾಳ ದನಿ ಕೇಳಿಸಿತು. ಹಲಗೆಗಳನ್ನು ನೋಡಿಕೊಂಡು ಗುಡ್ಡದ ಇನ್ನೊಂದು ಮಗ್ಗುಲಿಂದ ಬಂದಿದ್ದಳು. “ಬಿಡಿ ಅವರನ್ನ. ಅವರು ಹೇಳಿದ್ದನ್ನ ಮಾಡ್ತಿದ್ದಾರೆ. ನಿಯಮ ಮಾಡಿದ್ದು ನಾವು. ಹೊಡೆಯೋದಾದ್ರೆ ನನ್ನ ಹೊಡೀರಿ.”

“ಕೇಳಿಸ್ಕೊಂಡ್ರಾ,” ಎಂದ ತಾದಿಯಾ. “ಮೇಡಮ್ಮೇ ಕೇಳ್ತಾ ಇದ್ದಾರೆ.”

ಮೊದಲ ಏಟು ಅವಳ ಕೈಯಲ್ಲಿದ್ದ ಗಾಳಿ ಅಳೆಯುವ ಯಂತ್ರಕ್ಕೆ ಬಿತ್ತು. ಅದನ್ನು ಉಳಿಸಿಕೊಳ್ಳಲು ಅವಳು ಬಗ್ಗಿದಳು, ಬಗ್ಗಿದ್ದೇ ತಪ್ಪಾಯಿತು. ಎರಡನೆಯ ಏಟು ಬಾಯಿಗೆ ಬಿತ್ತು. ಯಾರು ಹೊಡೆದರೆಂದು ವಿತೋಮಿರನಿಗೆ ಕಾಣಲಿಲ್ಲ. ಅವಳು ಕೂತು, ಅಂಗೈಗೆ ಉಗುಳಿ, ಅದರಲ್ಲಿ ಬಿದ್ದ ಹಲ್ಲನ್ನು ಆಶ್ಚರ್ಯದಿಂದ ನೋಡಿದ್ದು ಕಂಡಿತು. ಒಬ್ಬ ಮತ್ತೆ ಕಾಲೆತ್ತಿದ.

“ಪ್ಲಮ್ ಅಂದ್ರು,” ಎಂದ ವಿತೋಮಿರ.

ಎತ್ತಿದ ಕಾಲು ಹಾಗೇ ನಿಂತಿತು.

“ಅವಳನ್ನ ಬಿಡಿ. ಅವಳಿಗೇನೂ ಗೊತ್ತಿಲ್ಲ. ಕೇಂದ್ರದವರು ಪ್ಲಮ್ ಅಂದ್ರು. ಸುಳ್ಳು ಹೇಳಿದ್ದು ನಾನು.”

ಸ್ರೆತೆನ್ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತ. ಮೃದುವಾಗಿಯೇ ಕೇಳಿದ: “ಯಾಕೋ?”

“ಕೈ ಬರ್ತಿಲ್ಲ.”

“ಯಾಕೆ ಬರ್ತಿಲ್ಲ?”

“ನಿಂಗೊತ್ತು ಯಾಕೇಂತ. ಹೆಸರಿಟ್ಟೋನು ನೀನು.”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಟೊಪ್ಪಿ ತೆಗೆದ. ಮೇಲೆ ಗುಡುಗು ದೊಡ್ಡ ಬಂಡಿಯೊಂದು ಕಲ್ಲುಹಾದಿಯಲ್ಲಿ ಹೊರಟ ಹಾಗೆ ಉರುಳುತ್ತಿತ್ತು. ಸ್ರೆತೆನ್ ಕೂಮನ ಅಂಗಿಯ ಕೊರಳು ಹಿಡಿದು ನೆಲಕ್ಕೆ ಕುಕ್ಕಿದ.

“ಅವಳು ಮಣ್ಣಲ್ಲಿದ್ದಾಳೆ. ಹೊಳೆಯಿಂದ ಎತ್ತಿಕೊಂಡು ಬಂದದ್ದು ನಾನು, ಹೆಗಲು ಕೊಟ್ಟದ್ದು ನಾನು. ಮೇಲಿರೋದು ನೀರು. ಬರೀ ನೀರು. ಕೇಳಿಸ್ತಾ ನಿಂಗೆ?”

“ಹಾಗಾದ್ರೆ ಕೆಳಗೆ ನಿಮ್ಮವ್ವ ಯಾರ ಹೆಸರು ಕೂಗ್ತಾ ಇದ್ದಾಳೆ?” ಎಂದ ತಾದಿಯಾ.

ಎಲ್ಲರೂ ಕಿವಿಗೊಟ್ಟರು. ಊರಿನಿಂದ ಹೆಂಗಸರ ಕೂಗು ಏರಿಬರುತ್ತಿತ್ತು. ಕೆಳಕೇರಿಯ ಬಯಲಲ್ಲಿ ಮೇಜುಗಳು ಮಗುಚಿ ಬಿದ್ದಿದ್ದವು. ಸ್ರೆತೆನನ ಮುದಿ ತಾಯಿ ಮಿಲುಂಕಾ ಎಲ್ಲರಿಗಿಂತ ಮುಂದೆ ನಿಂತು, ಕೈಗಳನ್ನು ಮೋಡದ ಕಡೆಗೆ ತಳ್ಳುತ್ತ ಕೂಗುತ್ತಿದ್ದಳು. ದನಿ ಸಣ್ಣದಾದರೂ ಪ್ರತಿ ಮಾತೂ ಕೇಳಿಸುತ್ತಿತ್ತು.

“ಕೊಸಾನಾ, ವಿತೋಮಿರನ ಮಗಳೇ, ನಿನ್ನ ಬಿಳಿ ದನ ತಿರುಗಿಸು. ನಮ್ಮ ತೋಟಕ್ಕೆ ಬಿಡಬೇಡ. ಹುಂಜ ಕೂಗದ ಕಾಡಿಗೆ ಹೊಡಕೊಂಡು ಹೋಗು. ಇಲ್ಲಿ ನಿನ್ನೋರು ಯಾರೂ ಇಲ್ಲ.”

ಹೆಂಗಸರೆಲ್ಲ ಕಡೆಯ ಮಾತನ್ನು ಒಟ್ಟಿಗೆ ಹೇಳಿದರು. ಇಲ್ಲಿ ನಿನ್ನೋರು ಯಾರೂ ಇಲ್ಲ. ಅದು ಹಳೆಯ ಕೂಗು. ಯೆವ್ರೆಮನಿಗೂ ಹಾಗೇ ಹೇಳುತ್ತಿದ್ದರು.

ಆಗ ಇನ್ನೊಂದು ದನಿ ಎದ್ದಿತು. ಬೇಸಿಗೆಯೆಲ್ಲ ಮುಚ್ಚಿದ್ದ ಬಾಯಿಯ ದನಿ ಅದು. ಒರಟಾಗಿ, ತುಕ್ಕುಹಿಡಿದು, ಉಳಿದೆಲ್ಲ ದನಿಗಳನ್ನು ಸೀಳಿಕೊಂಡು ಬಂತು.

“ಇದ್ದೀನಿ ಮಗಳೇ. ಸುಳ್ಳು ಹೇಳ್ತಾ ಇದ್ದಾರೆ, ನಾನಿದ್ದೀನಿ. ಎಲ್ಲೂ ಹೋಗಬೇಡ. ದನ ಹೊಡಕೊಂಡು ಮನೆಗೇ ಬಾ.”

ಒಬ್ರೆನಿಯಾ ತನ್ನ ಅಂಗಳದ ನಡುವೆ ನಿಂತಿದ್ದಳು. ಎರಡು ಕೈಯನ್ನೂ ಚಾಚಿ, ಸಂಜೆ ಮೇವಿನಿಂದ ಬರುವ ಹಸುವನ್ನು ಕರೆಯುವ ಹಾಗೆ ಕರೆಯುತ್ತಿದ್ದಳು. “ಬಾ, ಬಾ, ಕೊಸಾನಾ. ಇತ್ತ ಬಾ.”

ಮೋಡವನ್ನು ಊರಿನ ಮೇಲಕ್ಕೆ ಕರೆಯುವುದನ್ನು ಗ್ರಾಬೊವಿಕ್‌ನಲ್ಲಿ ಯಾರೂ ಕಂಡಿರಲಿಲ್ಲ, ಕೇಳಿರಲೂ ಇಲ್ಲ. ಮಿಲುಂಕಾ ಸನಿಕೆ ಎತ್ತಿಕೊಂಡಳು. ಬೇಲಿ ಮುರಿದು ಅವರೆಲ್ಲ ಒಬ್ರೆನಿಯಾಳ ಮೇಲೆ ಬಿದ್ದದ್ದು ಗುಡ್ಡದಿಂದ ಚಿಕ್ಕದಾಗಿ, ಸ್ಪಷ್ಟವಾಗಿ ಕಂಡಿತು. ಒಬ್ಬಳು ಕೂದಲು ಹಿಡಿದಳು, ಇನ್ನೊಬ್ಬಳು ಬಾಯಿ ಮುಚ್ಚಲು ನೋಡಿದಳು, ಸನಿಕೆಯ ಕಾವು ಮೇಲೇರಿ ಇಳಿಯಿತು. ಅವಳು ಬೀಳುತ್ತ, ಏಳುತ್ತ ಕರೆಯುತ್ತಲೇ ಇದ್ದಳು.

“ಕೊಲ್ತಾರೆ,” ಎಂದ ವಿತೋಮಿರ. “ಕೂಮಾ, ನಿಮ್ಮವ್ವನ್ನ ಕರಿ. ಕೊಂದುಬಿಡ್ತಾರೆ ಅವಳನ್ನ.”

ಸ್ರೆತೆನ್ ಕೂಗಿದ. ಅವನ ಕೂಗು ಗುಡುಗಿನೊಳಗೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮತ್ತೆ ಕೂಗಿದ. ಓಡತೊಡಗಿದ, ಉಳಿದವರೂ ಅವನ ಹಿಂದೆ ಓಡಿದರು, ಆದರೆ ಗುಡ್ಡದ ಅಂಕುಡೊಂಕು ದಾರಿಯಲ್ಲಿ ಕೆಳಗೆ ತಲುಪುವ ಹೊತ್ತಿಗೆ ಮುಗಿದಿರುತ್ತದೆ ಎಂದು ವಿತೋಮಿರನಿಗೆ ಗೊತ್ತಿತ್ತು. ಅವರ ಕೈ ತಡೆಯುವುದು ಒಂದೇ ಒಂದು ಸದ್ದು. ರಾಕೆಟ್ಟು ಹಾರಿದರೆ ಎಲ್ಲರೂ ತಲೆಯೆತ್ತುತ್ತಾರೆ, ತಲೆಯೆತ್ತಿದರೆ ಕೈ ಬಿಡುತ್ತದೆ. ಹಾರದಿದ್ದರೆ ಬಿಡುವುದಿಲ್ಲ.

ಅವನು ಏಟು ತಿಂದ ಮೊಣಕಾಲನ್ನು ಎಳೆದುಕೊಂಡು ಒಳಗೆ ತೆವಳಿದ. ಸ್ಮಿಲ್ಯಾ ಬಾಯಿಗೆ ಕೈ ಅಡ್ಡಹಿಡಿದು ಬಾಗಿಲಲ್ಲಿ ಕೂತಿದ್ದಳು.

“ಹೊತ್ತು ಮೀರಿತು ಚಿಕ್ಕಪ್ಪ,” ಎಂದಳು, ರಕ್ತದ ನಡುವಿನಿಂದ. “ಈಗ ಹೊಡೆದ್ರೆ ಮೋಡಕ್ಕೆ ಏನೂ ಆಗಲ್ಲ. ಲೆಕ್ಕಕ್ಕೂ ಬರಲ್ಲ.”

“ಏನೂ ಆಗಲ್ವಾ?”

“ಒಳಗೆ ಕಲ್ಲು ಬೆಳೆದಾಯ್ತು.”

“ಹಾಗೇ ಹೇಳು ತಾಯಿ. ಇನ್ನೊಂದು ಸಲ ಹೇಳು,” ಎನ್ನುತ್ತ ಅವನು ಪೆಟ್ಟಿಗೆಗೆ ಕೀಲಿ ಹಾಕಿದ. ಮೂರು ಬೆರಳು ಕೂಡಿಸಿ ಶಿಲುಬೆಯ ಗುರುತು ಹಾಕಿಕೊಳ್ಳಲು ನೋಡಿದ, ಬೆರಳು ಕೂಡಲಿಲ್ಲ. ಒಂದು ಗುಂಡಿ ಒತ್ತಿದ. ಹಲಗೆಮನೆ ನಡುಗಿತು. ಇನ್ನೊಂದು ಒತ್ತಿದ. ಚೌಕಟ್ಟಿನಲ್ಲಿ ಇದ್ದವನ್ನೆಲ್ಲ, ಒಂದಾದ ಮೇಲೊಂದು, ಮಗಳಿದ್ದ ಮೋಡದ ಎದೆಗೆ ಹೊಡೆದ. ಒಂದೊಂದು ಒಡೆದಾಗಲೂ ತನ್ನ ಬಾಯಿಂದ ಒಂದು ಸದ್ದು ಬರುತ್ತಿದ್ದುದು ಅವನಿಗೆ ತಿಳಿಯಲಿಲ್ಲ, ಸ್ಮಿಲ್ಯಾ ಮಾತ್ರ ಕೇಳಿದಳು.

ಕೆಳಗೆ ಹೆಂಗಸರ ಕೈ ಬಿಟ್ಟಿತು.

ಅವನು ಗುಡ್ಡ ಇಳಿಯತೊಡಗಿದಾಗ ಮೊದಲ ಕಲ್ಲು ಬಿತ್ತು. ದಾರಿಯ ಮೇಲೆ ಬಿದ್ದು ಮೊಣಕಾಲೆತ್ತರಕ್ಕೆ ಪುಟಿಯಿತು. ಮತ್ತೊಂದು ಹೆಗಲಿಗೆ ಬಿತ್ತು. ಆಮೇಲೆ ಒಂದೊಂದಾಗಿ ಬೀಳುವುದು ಮುಗಿದು ಆಕಾಶವೇ ಕುಸಿಯಿತು. ಕೊಂಬೆಗಳು ಲಟಲಟನೆ ಮುರಿದವು, ಹೆಂಚುಗಳು ಸಿಡಿದವು, ಎಲ್ಲೋ ಒಂದು ನಾಯಿ ಊಳಿಟ್ಟು ನಿಲ್ಲಿಸಿತು. ಅವನು ಬಿದ್ದ, ಎದ್ದ, ಮತ್ತೆ ಬಿದ್ದು ಉರುಳಿದ. ನೆತ್ತಿಯಿಂದ ಇಳಿದ ರಕ್ತ ಕಣ್ಣಿಗೆ ಬಂದು ಒಂದು ಕಣ್ಣು ಮುಚ್ಚಿಕೊಂಡಿತು. ಎಡಕ್ಕೆ ಸ್ರೆತೆನನ ತೋಟ ಕೆಂಪಾಗಿ ನೆಲಕ್ಕೆ ಅರೆದುಹೋಗಿ ಹರಿಯುತ್ತಿತ್ತು.

ಅಂಗಳದಲ್ಲಿ ಯಾರೂ ಇರಲಿಲ್ಲ. ಹೆಂಗಸರು ಮನೆಗಳಿಗೆ ಓಡಿದ್ದರು. ಒಬ್ರೆನಿಯಾ ಒಬ್ಬಳೇ ಕಲ್ಲುಮಳೆಯ ನಡುವೆ ಮಂಡಿಯೂರಿ ಕೂತಿದ್ದಳು. ಒಂದು ಕೈ ಓರೆಯಾಗಿ ನೇತಾಡುತ್ತಿತ್ತು. ಅವನು ಅಂಗಿ ಕಳಚಿ ಅವಳ ತಲೆಗೆ ಹಿಡಿಯಹೋದ. ಅವಳು ಸರಿಯಿದ್ದ ಕೈಯಿಂದ ಅವನ ಮುಖಕ್ಕೆ ಹೊಡೆದಳು.

“ಮನೆ ತನಕ ಬಂದಿದ್ಲು. ಬಾಗಿಲಿಗೆ ಬಂದಿದ್ಲು. ನೀನು ಹೊಡೆದು ಓಡಿಸಿದೆ.”

ಅವನು ಇನ್ನೊಂದು ಏಟಿಗೂ ಮುಖ ಒಡ್ಡಿದ. ಎಷ್ಟೋ ಬೇಸಿಗೆಗಳಿಂದ ಅವನು ಗುಡ್ಡದ ಮೇಲೆ ಕೂತು ಈ ಕಲ್ಲು ಊರಿಗೆ ಬೀಳದಿರಲೆಂದು ಹೊಡೆದಿದ್ದ. ಇವತ್ತು ಇದ್ದದ್ದನ್ನೆಲ್ಲ ಹೊಡೆದಿದ್ದ. ಆದರೂ ಕಲ್ಲುಗಳು ಅಂಗಳ ತುಂಬ ಬಿದ್ದು, ಪುಟಿದು, ಒಂದನ್ನೊಂದು ನೂಕಿಕೊಂಡು ಗೋಡೆಯ ಬುಡಕ್ಕೆ ಉರುಳುತ್ತಿದ್ದವು, ಬೆಳ್ಳಗೆ, ದುಂಡಗೆ.

“ಓಡಿಹೋಗಿಲ್ಲ,” ಎಂದ ಅವನು. “ನೋಡು. ಕಣ್ಣು ಬಿಟ್ಟು ನೋಡೇ. ಬಂದಿದ್ದಾಳೆ.”

ಅವಳು ನೋಡಿದಳು. ಬಹಳ ಹೊತ್ತು ನೋಡಿದಳು. ಬೆನ್ನ ಮೇಲೆ ಬೀಳುತ್ತಿದ್ದ ಕಲ್ಲಿಗೆ ಮೈ ಅದುರುತ್ತಿತ್ತು, ಅವಳಿಗೆ ಅದರ ಪರಿವೆ ಇರಲಿಲ್ಲ. ಆಮೇಲೆ ಅವನ ಹೆಗಲಿಗೆ ಕೈಕೊಟ್ಟು ಎದ್ದಳು. ಅಂಗಳ ದಾಟಿ ಹೋಗಿ ಕೊಟ್ಟಿಗೆಯ ಅಗುಳಿ ತೆಗೆದಳು. ಬಾಗಿಲಿನ ಎರಡು ಕದವನ್ನೂ ಗೋಡೆಗೆ ತಾಗುವ ತನಕ ನೂಕಿ, ಪಕ್ಕಕ್ಕೆ ಸರಿದು ನಿಂತಳು. ಇಳಿಜಾರಿನ ಅಂಗಳದಿಂದ ಕಲ್ಲುಗಳು ಹೊಸ್ತಿಲು ದಾಟಿ ಒಳಕ್ಕೆ ಉರುಳತೊಡಗಿದವು. ವಿತೋಮಿರ ಕುಂಟುತ್ತ ಹೋಗಿ ಅವಳ ಪಕ್ಕದಲ್ಲಿ ನಿಂತು ಹೆಗಲ ಮೇಲೆ ಕೈಯಿಟ್ಟ. ಅವಳು ಅವನ ಕೈ ಸರಿಸಲಿಲ್ಲ.

ಮುರಿದ ಬೇಲಿಯ ಹತ್ತಿರ, ದಾರಿಯಲ್ಲೇ ತೋಟದ ಕಡೆಗೆ ತಿರುಗಿದ್ದ ಸ್ರೆತೆನ್ ಬಂದು ನಿಂತಿದ್ದ. ಟೊಪ್ಪಿ ಇರಲಿಲ್ಲ, ಹಣೆ ಒಡೆದಿತ್ತು, ಗೂಟ ಇನ್ನೂ ಕೈಯಲ್ಲೇ ಇತ್ತು. ಅವನ ತೋಟ ಎಂಬುದು ಇನ್ನಿರಲಿಲ್ಲ. ಅಂಗಳ ದಾಟಿ ಕೊಟ್ಟಿಗೆಯ ಹತ್ತಿರಕ್ಕೆ ಬಂದ.

“ಹೊಡೆದೆಯಾ?” ಎಂದ.

“ಹೊಡೆದೆ.”

“ಎಲ್ಲಾನೂ?”

“ಇದ್ದದ್ದೆಲ್ಲಾನೂ.”

ಸ್ರೆತೆನ್ ಗೂಟವನ್ನು ನೋಡಿದ, ಗಂಡಹೆಂಡಿರನ್ನು ನೋಡಿದ, ತೆರೆದ ಕೊಟ್ಟಿಗೆಯನ್ನು ನೋಡಿದ. ಒಳಗೆ ಮೇವಿನ ತೊಟ್ಟಿಯ ತನಕ ಬೆಳ್ಳಗಾಗಿತ್ತು. ಬದುಕಿನ ಅಭ್ಯಾಸ ಎಂಬುದು ಎಂಥ ಹೊತ್ತಿನಲ್ಲೂ ಬಿಡುವುದಿಲ್ಲ. ನೆನೆಯುತ್ತಿರುವ ಮೇವನ್ನು ಕಂಡು ಅವನ ಕೈ ತಾನಾಗಿಯೇ ಗೂಟ ಬಿಟ್ಟು, ಮುಚ್ಚಲು ಬಾಗಿಲಿನ ಕದವನ್ನು ಹಿಡಿಯಿತು.

“ಹಾಕಬೇಡ ಕೂಮಾ,” ಎಂದಳು ಒಬ್ರೆನಿಯಾ. “ಇನ್ನೂ ಬರ್ತಾ ಇವೆ.”